ಭಾನಾಪುರ–ಗದ್ದನಕೇರಿ ದಾರಿ: ಕುಕನೂರು ಸೀಮೆಯ ಹೆದ್ದಾರಿ ಸಂಖ್ಯೆಗಳ ಗೋಜಲು

ಕುಕನೂರಿನ ಮೇಲೆ ಹಾದುಹೋಗುವ ಹೆದ್ದಾರಿಯ ಸಂಖ್ಯೆ ಯಾವುದೆಂಬ ಪ್ರಶ್ನೆಗೆ ಈ ಹೊತ್ತಿನ ಉತ್ತರ ಸರಳ: ರಾಷ್ಟ್ರೀಯ ಹೆದ್ದಾರಿ 367. ಕೊಪ್ಪಳ–ಗದಗ ರಸ್ತೆಯ ಭಾನಾಪುರದ ಬಳಿ ಕವಲೊಡೆದು, ಕುಕನೂರು, ಯಲಬುರ್ಗಾ, ಗಜೇಂದ್ರಗಡ, ಬಾದಾಮಿಗಳನ್ನು ಹಾದು ಬಾಗಲಕೋಟೆ ಸಮೀಪದ ಗದ್ದನಕೇರಿ ಸೇರುವ ದಾರಿಯಿದು. ತೊಡಕು ಶುರುವಾಗುವುದು ಇದೇ ಪ್ರಶ್ನೆಯನ್ನು ಹಳೆಯ ಕಾಗದಗಳಿಗೆ ಕೇಳಿದಾಗ. ಕೊಪ್ಪಳ ಜಿಲ್ಲೆಯ ರಸ್ತೆಗಳ ಬಗ್ಗೆ 2010ಕ್ಕೆ ಮೊದಲು ಬರೆದವರು ಇಲ್ಲಿನ ದೊಡ್ಡ ಹೆದ್ದಾರಿಗಳನ್ನು 63 ಮತ್ತು 13 ಎಂದು ಕರೆದರು. ಆಮೇಲೆ ಬರೆದವರು ಅವನ್ನೇ 67 ಮತ್ತು 50 ಎಂದರು. ಎರಡೂ ಕಾಲದ ಬರಹಗಳನ್ನು ಎದುರಿಗಿಟ್ಟುಕೊಂಡು ಟಿಪ್ಪಣಿ ಮಾಡುವ ವಿದ್ಯಾರ್ಥಿಗೆ ಜಿಲ್ಲೆಯಲ್ಲಿ ಅಂಥ ನಾಲ್ಕು ದೊಡ್ಡ ಹೆದ್ದಾರಿಗಳಿದ್ದಂತೆ ಕಾಣುತ್ತದೆ. ಇರುವುದು ಎರಡೇ.

ಹೆದ್ದಾರಿಯ ಸಂಖ್ಯೆಯನ್ನು ತೇದಿಯಿಲ್ಲದೆ ಆಧಾರವಾಗಿ ಬಳಸಕೂಡದು ಎಂಬುದೇ ಈ ಲೇಖನದ ವಾದ. ಶಾಸನವನ್ನು ಉಲ್ಲೇಖಿಸುವಾಗ ಶಕವರ್ಷ ಬಿಟ್ಟರೆ ನಮ್ಮ ವಿದ್ವಾಂಸರು ಒಪ್ಪುವುದಿಲ್ಲ. ರಸ್ತೆಯ ಮಟ್ಟಿಗೆ ಮಾತ್ರ ಆ ಶಿಸ್ತು ಇನ್ನೂ ಬಂದಿಲ್ಲ. ಸ್ಥಳೀಯ ಇತಿಹಾಸ, ಜಮೀನಿನ ಚಕ್ಕುಬಂದಿ, ಅಪಘಾತದ ಪಂಚನಾಮೆ, ಜಿಲ್ಲಾ ಗೆಜೆಟಿಯರು ಎಲ್ಲ ಕಡೆಯೂ ಸಂಖ್ಯೆಯನ್ನು ರಸ್ತೆಯ ಹುಟ್ಟುಗುರುತು ಎಂಬಂತೆ ಬರೆಯುತ್ತಾರೆ. ಕುಕನೂರು ಸೀಮೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಆಡಳಿತದ ಗಡಿಗಳು ಇಲ್ಲಿ ಪದೇ ಪದೇ ಸರಿದಾಡಿವೆ, ಹೆದ್ದಾರಿಯ ದರ್ಜೆಯೂ ಬದಲಾಗಿದೆ, ಸಂಖ್ಯೆ ಕೊಡುವ ಪದ್ಧತಿಯೇ ನಡುವೆ ಒಮ್ಮೆ ತಲೆಕೆಳಗಾಗಿದೆ. ದಾರಿ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ಒಂದು ದಾರಿ, ಎರಡು ಸರಕಾರ

ಭಾನಾಪುರ–ಗದ್ದನಕೇರಿ ದಾರಿಯ ನಕ್ಷೆಯ ಮೇಲೆ 1947ರ ಗಡಿಯನ್ನು ಎಳೆದು ನೋಡಬೇಕು. ಭಾನಾಪುರ, ಕುಕನೂರು, ಯಲಬುರ್ಗಾ ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿದ್ದವು. ಅಲ್ಲೂ ಕೊಪ್ಪಳ, ಯಲಬುರ್ಗಾ ತಾಲ್ಲೂಕುಗಳು ನೇರ ಸರಕಾರಿ ಆಡಳಿತದಲ್ಲಿರದೆ ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದವು. ಯಲಬುರ್ಗಾ ದಾಟಿ ಗಜೇಂದ್ರಗಡ ಮುಟ್ಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಬಾದಾಮಿಗೆ ಬಂದರೆ ಅದೇ ಪ್ರಾಂತದ ವಿಜಾಪುರ ಜಿಲ್ಲೆ. ದಿನವೊಪ್ಪತ್ತಿನಲ್ಲಿ ಚಕ್ಕಡಿ ಸಾಗುವಷ್ಟು ದೂರದಲ್ಲಿ ಜಾಗೀರು, ಸಂಸ್ಥಾನ, ಬ್ರಿಟಿಷ್ ಪ್ರಾಂತ ಮೂರೂ ಎದುರಾಗುತ್ತಿದ್ದವು. ರಸ್ತೆಯ ಕಡತವೂ ಅದಕ್ಕೆ ತಕ್ಕಂತೆ ಹರಿದು ಹಂಚಿಹೋಗಿದೆ. ಗಜೇಂದ್ರಗಡದ ಕಡೆಯ ತುಂಡಿಗೆ 1884ರ ಧಾರವಾಡ ಗೆಜೆಟಿಯರನ್ನು ತೆಗೆಯಬೇಕು. ಕುಕನೂರಿನ ಕಡೆಯದಕ್ಕೆ ಹೈದರಾಬಾದಿನ ಕಾಗದಪತ್ರಗಳನ್ನೂ, ರಾಜ್ಯ ಒಂದಾದ ಮೇಲೆ 1970ರಲ್ಲಿ ಬಂದ ರಾಯಚೂರು ಗೆಜೆಟಿಯರನ್ನೂ ನೋಡಬೇಕು. ಎರಡು ಪುಸ್ತಕಗಳ ನಡುವೆ ಇಡೀ ರಸ್ತೆಯೇ ಕಣ್ಮರೆಯಾಗುವ ಅಪಾಯವಿದೆ.

ಆ ಕಾಲದ ಬರಹಗಳಲ್ಲಿ ರಸ್ತೆಗೆ ಸಂಖ್ಯೆಯಿಲ್ಲ. ಎರಡು ಊರುಗಳ ಹೆಸರೇ ಗುರುತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಗುಂತಕಲ್–ಹುಬ್ಬಳ್ಳಿ ಹಳಿ ಕೊಪ್ಪಳ, ಭಾನಾಪುರ, ಬನ್ನಿಕೊಪ್ಪಗಳ ಮೇಲೆ ಹಾದುಹೋದಾಗ ಕುಕನೂರಿನ ವ್ಯಾಪಾರದ ಮುಖ ತೆಂಕಣಕ್ಕೆ, ಸ್ಟೇಷನ್ನುಗಳ ಕಡೆಗೆ ತಿರುಗಿತು. ಊರಿಗೆ ಬೇಕಾದದ್ದು ಸ್ಟೇಷನ್ ರಸ್ತೆ. ಇಂದಿಗೂ ಬಸ್ಸಿನಲ್ಲಿ ಕಂಡಕ್ಟರಿಗೆ ‘ಭಾನಾಪುರ ಕ್ರಾಸಿಗೆ ಇಳಿಸ್ರಿ’ ಎನ್ನುವವರೇ ಹೊರತು 67ಕ್ಕೂ 367ಕ್ಕೂ ಕೂಡುವಲ್ಲಿ ಇಳಿಸಿರಿ ಎನ್ನುವವರು ಯಾರೂ ಇಲ್ಲ.

1949ರಲ್ಲಿ ಜಾಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ಈ ದಾರಿಯ ಎರಡೂ ತುಂಡುಗಳು ಒಂದೇ ರಾಜ್ಯದೊಳಗೆ ಬಂದವು. ಹಾಗೆಂದು ಹಳೆಯ ಗಡಿ ಅಳಿಸಿಹೋಗಲಿಲ್ಲ. ಕೊಪ್ಪಳ ಕಲಬುರಗಿ ವಿಭಾಗದಲ್ಲಿದೆ, ಗದಗ ಮತ್ತು ಬಾಗಲಕೋಟೆ ಬೆಳಗಾವಿ ವಿಭಾಗದಲ್ಲಿವೆ. ಯಲಬುರ್ಗಾದ ಬಸ್ಸು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ್ದು. ಗಜೇಂದ್ರಗಡದ ಬಸ್ಸು ವಾಯವ್ಯ ಕರ್ನಾಟಕ ನಿಗಮದ್ದು. ನಿಜಾಮರ ಗಡಿ ಎಲ್ಲಿತ್ತೆಂದು ತಿಳಿಯಬೇಕಾದವರು ನಿಲ್ದಾಣದಲ್ಲಿ ನಿಂತು ಬಸ್ಸಿನ ಮೈಮೇಲಿನ ಹೆಸರು ಓದಿದರೂ ಸಾಕು. 1997ರಲ್ಲಿ ರಾಯಚೂರಿನಿಂದ ಕೊಪ್ಪಳ, ಧಾರವಾಡದಿಂದ ಗದಗ, ವಿಜಾಪುರದಿಂದ ಬಾಗಲಕೋಟೆ ಬೇರೆಯಾದವು. ಈ ದಾರಿ ತುಳಿಯುವ ಮೂರು ಜಿಲ್ಲೆಗಳೂ ಒಂದೇ ವರ್ಷ ಹುಟ್ಟಿದವು. ಹೀಗಾಗಿ 1997ಕ್ಕೆ ಹಿಂದಿನ ಯಾವ ರಸ್ತೆ ಪಟ್ಟಿಯನ್ನು ತೆರೆದರೂ ಜಿಲ್ಲೆಯ ಹೆಸರು ಈಗಿನದಕ್ಕೆ ಹೊಂದುವುದಿಲ್ಲ. ಕುಕನೂರು ಯಲಬುರ್ಗಾದಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರ ಈಚೆಗೆ; ತಾಲ್ಲೂಕಿನ ಅಂಕಣವನ್ನೂ ಅಷ್ಟೇ ಎಚ್ಚರದಿಂದ ಓದಬೇಕಾಗುತ್ತದೆ.

ಇಲ್ಲಿ ಒಂದು ಮಾತನ್ನು ಬದಿಗಿಟ್ಟು ಮುಂದೆ ಹೋಗಲಾರೆ. ಹೆಸರಿಗೆ ಸಂಖ್ಯೆ ಹಚ್ಚುವ ರೂಢಿ ಈ ನೆಲಕ್ಕೆ ಹೊಸದಲ್ಲ. ಕುಕನೂರು ಬೆಳ್ವೊಲ ಮುನ್ನೂರರಲ್ಲಿತ್ತು. ಎರಂಬರಗೆಯ, ಅಂದರೆ ಈಗಿನ ಯಲಬುರ್ಗಾದ, ಸಿಂದರು ಕಿಸುಕಾಡು ಎಪ್ಪತ್ತು, ಬಾಗಡಗೆ ಎಪ್ಪತ್ತು, ಕೆಳವಾಡಿ ಮುನ್ನೂರುಗಳನ್ನು ಆಳಿದರು. ಆ ಮುನ್ನೂರು, ಎಪ್ಪತ್ತುಗಳು ಊರುಗಳ ಎಣಿಕೆಯೇ, ಕಂದಾಯದ ಮೊತ್ತವೇ, ಬರೀ ರೂಢಿಯೇ ಎಂಬ ಚರ್ಚೆ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ. ಯಲಬುರ್ಗಾದಿಂದ ಬಾಗಲಕೋಟೆಯವರೆಗಿನ 367ನೆಯ ಹೆದ್ದಾರಿ ಬಹುಮಟ್ಟಿಗೆ ಆ ಸಿಂದರ ಸೀಮೆಯನ್ನೇ ಉದ್ದಕ್ಕೆ ಸೀಳುತ್ತದೆ. ಸಂಖ್ಯೆ ಉಳಿದು ಅದರ ಅರ್ಥ ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸೀಮೆಯ ಉದಾಹರಣೆ ಹುಡುಕಬೇಕಾಗಿಲ್ಲ.

ದರ್ಜೆ ಮೊದಲು, ಸಂಖ್ಯೆ ಆಮೇಲೆ

1943ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳ ಸಮ್ಮೇಳನ ದೇಶದ ರಸ್ತೆಗಳಿಗೆ ದರ್ಜೆಗಳನ್ನು ಗೊತ್ತುಮಾಡಿತು. ಮೇಲೆ ರಾಷ್ಟ್ರೀಯ ಹೆದ್ದಾರಿ, ಅದರ ಕೆಳಗೆ ಪ್ರಾಂತೀಯ ಹೆದ್ದಾರಿ, ಆಮೇಲೆ ಜಿಲ್ಲಾ ರಸ್ತೆಗಳು, ಕೊನೆಗೆ ಹಳ್ಳಿ ರಸ್ತೆ. ಪ್ರಾಂತಗಳು ರಾಜ್ಯಗಳಾದ ಮೇಲೆ ಎರಡನೆಯದು ರಾಜ್ಯ ಹೆದ್ದಾರಿಯಾಯಿತು. ರಾಷ್ಟ್ರೀಯ ಹೆದ್ದಾರಿಗಳಿಗೆ 1956ರ ಕೇಂದ್ರ ಕಾಯ್ದೆ ಆಧಾರ. ನಮ್ಮ ರಾಜ್ಯದ ಹೆದ್ದಾರಿಗಳಿಗೆ 1964ರ ಹೆದ್ದಾರಿ ಕಾಯ್ದೆ. ಎರಡರಲ್ಲೂ ಸರಕಾರ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಿದ ಮೇಲೆಯೇ ರಸ್ತೆ ಹೆದ್ದಾರಿಯಾಗುತ್ತದೆ. ಎರಡು ಕಾಯ್ದೆ, ಎರಡು ಪಟ್ಟಿ, ಎರಡು ಸಂಖ್ಯಾ ಸರಣಿ. ಒಂದರ ಅಂಕಿಗೂ ಇನ್ನೊಂದರ ಅಂಕಿಗೂ ಯಾವ ನಂಟೂ ಇಲ್ಲ.

ಹಳೆಯ ರಾಷ್ಟ್ರೀಯ ಸಂಖ್ಯೆಗಳು ಬಹುಮಟ್ಟಿಗೆ ಪಟ್ಟಿಗೆ ಸೇರಿದ ಸರದಿಯನ್ನು ಹೇಳುತ್ತಿದ್ದವು. ದಿಲ್ಲಿ–ಅಮೃತಸರ ದಾರಿ ಒಂದು, ದಿಲ್ಲಿ–ಕಲ್ಕತ್ತ ಎರಡು, ಮುಂಬಯಿ–ಮದ್ರಾಸು ನಾಲ್ಕು. ಸೊಲ್ಲಾಪುರದಿಂದ ವಿಜಾಪುರ, ಇಳಕಲ್, ಕುಷ್ಟಗಿ, ಹೊಸಪೇಟೆ ಮೇಲೆ ಚಿತ್ರದುರ್ಗಕ್ಕೆ ಬರುವ ದಾರಿ ಮೊದಲ ಪಟ್ಟಿಯಲ್ಲೇ 13 ಆಗಿತ್ತು. ಅದು ಶಿವಮೊಗ್ಗ, ಮಂಗಳೂರಿನವರೆಗೆ ಚಾಚಿಕೊಂಡದ್ದು ಅನಂತರ. ಅಂಕೋಲಾ–ಹುಬ್ಬಳ್ಳಿ–ಗದಗ–ಕೊಪ್ಪಳ–ಹೊಸಪೇಟೆ–ಬಳ್ಳಾರಿ–ಗುತ್ತಿ ದಾರಿ ಪಟ್ಟಿಗೆ ಸೇರಿದ್ದು ಇನ್ನೂ ತಡವಾಗಿ. ಅದಕ್ಕೆ 63 ಸಿಕ್ಕಿತು. ಇನ್ನೂ ಹಿಂದೆ ಉಳಿದವಕ್ಕೆ ಮೂರಂಕಿ ಬಂದವು: ಹೊನ್ನಾವರ–ತುಮಕೂರು 206, ಮೈಸೂರಿನ ಮೇಲೆ ಕೋಳಿಕೋಡ್–ಕೊಳ್ಳೇಗಾಲ 212, ಹುಬ್ಬಳ್ಳಿ–ವಿಜಾಪುರ–ಕಲಬುರಗಿ–ಹುಮನಾಬಾದ್ 218. ಮೂರಂಕಿಯ ಸಂಖ್ಯೆ ಕಂಡರೆ ಈ ರಸ್ತೆ ಈಚೆಗೆ ಬಡ್ತಿ ಪಡೆದದ್ದು ಎಂದಷ್ಟೇ ಆಗ ಅರ್ಥ.

ರಾಜ್ಯದ ಸರಣಿಯೂ ಇದೇ ಬಗೆಯದು. ಪಡುಬಿದ್ರಿ–ಚಿಕ್ಕಲಗುಡ್ಡ ಒಂದನೆಯದು, ರಾಯಚೂರು–ಬಾಚಿ ಇಪ್ಪತ್ತು, ರಾಯಚೂರು ಬಳಿಯ ಕಲ್ಮಲಾದಿಂದ ಸಿಂಧನೂರು, ಗಂಗಾವತಿ ಕಡೆ ಹಾದು ಶಿಗ್ಗಾವಿಗೆ ಹೋಗುವುದು ಇಪ್ಪತ್ತಮೂರು. ದಿಕ್ಕಿನ ಸೂಚನೆಯಿಲ್ಲ, ಪ್ರದೇಶದ ಗುರುತಿಲ್ಲ. ಸರಣಿ ಬೆಳೆಯುತ್ತ ನೂರನ್ನು ದಾಟಿದೆ.

2010ರ ತಿರುವು

ಕೇಂದ್ರದ ಸಾರಿಗೆ ಸಚಿವಾಲಯ 2010ರ ಮಾರ್ಚ್ 5ರ ಅಧಿಸೂಚನೆಯಲ್ಲಿ ಹಳೆಯ ಸರದಿ ಸಂಖ್ಯೆಗಳನ್ನು ಕೈಬಿಟ್ಟು ದಿಕ್ಕನ್ನು ಆಧರಿಸಿದ ಪದ್ಧತಿಯನ್ನು ತಂದಿತು. ಉತ್ತರ–ದಕ್ಷಿಣ ಹೆದ್ದಾರಿಗಳಿಗೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಏರುತ್ತ ಹೋಗುತ್ತದೆ. ಪೂರ್ವ–ಪಶ್ಚಿಮ ಹೆದ್ದಾರಿಗಳಿಗೆ ಬೆಸಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಮೂರಂಕಿ ಬಂದರೆ ಕೊನೆಯ ಎರಡಂಕಿ ತಾಯಿ ಹೆದ್ದಾರಿಯದು, ಮೊದಲಂಕಿ ಕವಲಿನದು.

ಈ ಪದ್ಧತಿಯನ್ನು ಕರ್ನಾಟಕದ ನಕ್ಷೆಯ ಮೇಲೆ ಇಟ್ಟು ನೋಡಿದರೆ ಮೆಚ್ಚಲೇಬೇಕು. ಬಡಗಣ ಹುಮನಾಬಾದಿನ ಮೇಲೆ 65, ಕೊಪ್ಪಳದ ಮೇಲೆ 67, ಶಿವಮೊಗ್ಗದ ಮೇಲೆ 69, ಇನ್ನೂ ತೆಂಕಣಕ್ಕೆ ಮಂಗಳೂರು–ತುಮಕೂರು ದಾರಿಯಲ್ಲಿ 73, ಅದರ ಕೆಳಗೆ ಬಂಟ್ವಾಳ–ಬೆಂಗಳೂರು ದಾರಿಯಲ್ಲಿ 75. ಅಡ್ಡ ಸಾಲುಗಳು ಅಚ್ಚುಕಟ್ಟಾಗಿ ಇಳಿಯುತ್ತವೆ. ಉದ್ದದ ಸಾಲಿನಲ್ಲಿ ಬಾಗೇಪಲ್ಲಿಯ ಮೇಲೆ 44, ಕುಷ್ಟಗಿಯ ಮೇಲೆ 50, ಹುಬ್ಬಳ್ಳಿಯ ಮೇಲೆ 52, ಕಡಲ ತಡಿಯಲ್ಲಿ 66. ಸಂಖ್ಯೆ ನೋಡಿಯೇ ದಿಕ್ಕು ಹೇಳಬಹುದು. ಹಳೆಯ 63, 13ಗಳಿಗೆ ಈ ಗುಣ ಇರಲಿಲ್ಲ.

ಆದರೆ ಹೊಸ ಸಂಖ್ಯೆಗಳನ್ನು ಹಳೆಯ ರಸ್ತೆಗಳ ಮೇಲೆ ಒಂದಕ್ಕೊಂದರಂತೆ ಅಂಟಿಸಲಿಲ್ಲ. ದಾರಿಗಳನ್ನು ಕತ್ತರಿಸಿ ಬೇರೆ ಬೇರೆಯಾಗಿ ಜೋಡಿಸಿದರು. ಗೊಂದಲದ ಬೇರು ಇಲ್ಲಿದೆ. ಹಳೆಯ 13 ನಾಲ್ಕು ತುಂಡಾಯಿತು. ಸೊಲ್ಲಾಪುರ–ವಿಜಯಪುರ ತುಂಡು 52ರ ಪಾಲಾಯಿತು. ವಿಜಯಪುರ–ಚಿತ್ರದುರ್ಗ ತುಂಡು, ಅಂದರೆ ನಮ್ಮ ಕುಷ್ಟಗಿಯ ಮೇಲಿನದು, 50 ಆಯಿತು. ಚಿತ್ರದುರ್ಗ–ಶಿವಮೊಗ್ಗ 369, ಶಿವಮೊಗ್ಗ–ಮಂಗಳೂರು 169. ಆ 50 ಕೂಡ ಹಳೆಯ 13ರ ತುಂಡೊಂದನ್ನೇ ನಂಬಿ ನಿಂತಿಲ್ಲ. ವಿಜಯಪುರದಾಚೆ ಹಳೆಯ 218ರ ಕಲಬುರಗಿ ದಾರಿಯನ್ನು ಸೇರಿಸಿಕೊಂಡು ಬೀದರ್, ನಾಂದೇಡಿನವರೆಗೆ ಹೋಗಿದೆ. ಹಳೆಯ 63ರಲ್ಲಿ ಅಂಕೋಲಾ–ಹುಬ್ಬಳ್ಳಿ ಭಾಗ 52ಕ್ಕೆ ಹೋಯಿತು. ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಬಳ್ಳಾರಿ, ಗುತ್ತಿ ಭಾಗ 67 ಆಗಿ, ಕಡಪ, ನೆಲ್ಲೂರು ದಾಟಿ ಕೃಷ್ಣಪಟ್ಟಣಂ ಬಂದರನ್ನು ಮುಟ್ಟಿತು. ಪಡುಗಡಲಿನ ಅಂಕೋಲೆಯಿಂದ ಹೊರಡುತ್ತಿದ್ದ ಕೊಪ್ಪಳದ ಹೆದ್ದಾರಿಯ ಒಂದು ತುದಿ ಈಗ ಮೂಡಗಡಲಿನಲ್ಲಿದೆ. ಹಳೆಯ 63 ಎಂದರೆ ಹೊಸ 67 ಎಂಬ ಸಮೀಕರಣ ಕೊಪ್ಪಳದ ಮಟ್ಟಿಗೆ ಸರಿ, ಇಡೀ ಹೆದ್ದಾರಿಯ ಮಟ್ಟಿಗೆ ತಪ್ಪು. ಪರಿವರ್ತನಾ ಪಟ್ಟಿಗಳನ್ನು ಬಳಸುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಇನ್ನೊಂದು ಬಲೆ ಇದಕ್ಕಿಂತ ಆಳವಾದದ್ದು. ಬಿಟ್ಟುಕೊಟ್ಟ ಸಂಖ್ಯೆಗಳು ಖಾಲಿ ಉಳಿಯಲಿಲ್ಲ, ಬೇರೆ ರಸ್ತೆಗಳಿಗೆ ಹೋದವು. 13 ಈಗ ಅರುಣಾಚಲ ಪ್ರದೇಶದಲ್ಲಿದೆ. 63 ತೆಲಂಗಾಣದ ಬೋಧನ್, ನಿಜಾಮಾಬಾದುಗಳ ಮೇಲೆ ಜಗದಲ್ಪುರದ ಕಡೆಗೆ ಹೋಗುತ್ತದೆ. ನಿಜಾಮರ ರಾಜ್ಯದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ವರ್ಗವಾದಂತೆ. ಕುಷ್ಟಗಿಗೆ ಬಂದ 50 ಹಿಂದೆ ಪುಣೆ–ನಾಸಿಕ ದಾರಿಯದು. ಕೊಪ್ಪಳಕ್ಕೆ ಬಂದ 67ರ ಕಥೆಯಂತೂ ಕನ್ನಡ ಸಂಶೋಧಕನಿಗೆ ನೇರವಾಗಿ ತಟ್ಟುವಂಥದು. ಹಳೆಯ 67 ನಾಗಪಟ್ಟಣಂನಿಂದ ಕೊಯಮತ್ತೂರು, ಊಟಿ ಮೇಲೆ ನಮ್ಮ ಗುಂಡ್ಲುಪೇಟೆಗೆ ಬರುತ್ತಿತ್ತು. 2009ರಲ್ಲಿ ಬಂಡೀಪುರದ ಕಾಡಿನಲ್ಲಿ ರಾತ್ರಿ ಸಂಚಾರ ನಿಷೇಧವಾದಾಗ ಪತ್ರಿಕೆಗಳಲ್ಲಿ ದಿನವೂ ಓದಿದ ಎರಡು ಸಂಖ್ಯೆಗಳು 212 ಮತ್ತು 67. ಆ 212 ಈಗ 766, ಆ 67 ಈಗ 181. ಹೀಗಾಗಿ ಹಳೆಯ ಪತ್ರಿಕೆಗಳ ಕಣಜದಲ್ಲಿ ‘ಹೆದ್ದಾರಿ 67’ ಎಂದು ಹುಡುಕಿದರೆ 2009ಕ್ಕೆ ಬಂಡೀಪುರದ ಆನೆಗಳು ಸಿಗುತ್ತವೆ. ಕೆಲವು ವರ್ಷ ಬಿಟ್ಟು ಅದೇ ಸಂಖ್ಯೆಯಲ್ಲಿ ಕೊಪ್ಪಳದ ಅದಿರು ಲಾರಿಗಳು. ಎರಡೂ ಕರ್ನಾಟಕದ್ದೇ ಆದ್ದರಿಂದ ರಾಜ್ಯದ ಹೆಸರು ಸೇರಿಸಿ ಹುಡುಕಿದರೂ ಬಿಡುಗಡೆಯಿಲ್ಲ.

ಮೂರಂಕಿಯ ಅರ್ಥವೂ ಇದೇ ಹೊತ್ತಿಗೆ ಬದಲಾಯಿತು. ಹಳೆಯ ಪದ್ಧತಿಯಲ್ಲಿ 218 ಎಂದರೆ ಸರದಿಯ ಸಂಖ್ಯೆ. ಹೊಸ ಪದ್ಧತಿಯಲ್ಲಿ ಅದೇ ಅಂಕಿಯನ್ನು 18ರ ಎರಡನೆಯ ಕವಲು ಎಂದು ಓದಬೇಕು. ಭಾನಾಪುರ–ಗದ್ದನಕೇರಿ ದಾರಿಯ 367 ಹೊಸ ಪದ್ಧತಿಯ ಕೂಸು. 67ರಿಂದ ಹೊರಟ ಮೂರನೆಯ ಕವಲು ಎಂದು ಅದರ ಅರ್ಥ. ಬಳ್ಳಾರಿ ಬಳಿಯ ಹಗರಿಯಲ್ಲಿ ಅದೇ ತಾಯಿಯಿಂದ ಹೊರಟು ಆದವಾನಿ, ರಾಯಚೂರಿಗೆ ಹೋಗುವುದು 167. ನಮ್ಮ 367 ಮಾತ್ರ 2010ರ ಪಟ್ಟಿಯಲ್ಲಿ ಮರುಸಂಖ್ಯೆ ಪಡೆದ ಹಳೆಯ ರಾಷ್ಟ್ರೀಯ ಹೆದ್ದಾರಿಯಲ್ಲ. ಆಮೇಲೆ ರಾಜ್ಯದ ರಸ್ತೆ ಬಡ್ತಿ ಪಡೆದು ಬಂದದ್ದು. ಆದ್ದರಿಂದ 367ಕ್ಕೆ ಹಳೆಯ ರಾಷ್ಟ್ರೀಯ ಸಂಖ್ಯೆ ಯಾವುದೆಂದು ಹುಡುಕುವುದು ವ್ಯರ್ಥ. ಅದರ ಹಿಂದಿನ ಜನ್ಮ ರಾಜ್ಯದ ಪಟ್ಟಿಯಲ್ಲಿದೆ.

ಪದ್ಧತಿಯೇ ಎಲ್ಲೆಡೆ ಉಳಿದುಬಂದಿದೆಯೇ ಎಂದರೆ, ಇಲ್ಲ. ಸಂಖ್ಯೆಯ ಹಿಂದೆ ಅಕ್ಷರ ಬಂದರೆ ಅದು ಉಪಕವಲಿನ ಚಿಕ್ಕ ತುಂಡು ಎಂಬುದು ನಿಯಮ. ಜೇವರ್ಗಿಯಿಂದ ಲಿಂಗಸುಗೂರು, ಸಿಂಧನೂರು, ಬಳ್ಳಾರಿ, ಹಿರಿಯೂರು, ಶ್ರೀರಂಗಪಟ್ಟಣ, ಮೈಸೂರು ದಾಟಿ ಚಾಮರಾಜನಗರಕ್ಕೆ ಹೋಗುವ ದಾರಿಗೆ ಕೊಟ್ಟದ್ದು 150ಎ. ರಾಜ್ಯವನ್ನು ಹೆಚ್ಚುಕಡಿಮೆ ಉದ್ದಕ್ಕೆ ಅಳೆಯುವ ಹೆದ್ದಾರಿ ಚಿಕ್ಕ ತುಂಡು ಹೇಗಾದೀತು? ಅದರ ದೊಡ್ಡ ಭಾಗ ಹಿಂದೆ ರಾಜ್ಯ ಹೆದ್ದಾರಿ 19 ಆಗಿತ್ತು. ರಾಜ್ಯ ಹೆದ್ದಾರಿ 20ರ ಬಹುಭಾಗ ಬೆಳಗಾವಿ–ಬಾಗಲಕೋಟೆ–ಹುನಗುಂದ–ಲಿಂಗಸುಗೂರು–ರಾಯಚೂರು ದಾರಿಯಾಗಿ 748ಎ ಆಯಿತು. ಹಳೆಯ 4ಎ ಎಂಬ ಬೆಳಗಾವಿ–ಪಣಜಿ ರಸ್ತೆ 748 ಆದದ್ದರಿಂದ ಅದರ ಬಾಲಕ್ಕೆ ರಾಯಚೂರಿನ ರಸ್ತೆ ಕಟ್ಟಿಕೊಂಡಿತು. ತರ್ಕಬದ್ಧ ಪದ್ಧತಿಗೆ ರಾಜ್ಯ ಹೆದ್ದಾರಿಗಳ ಬಡ್ತಿಯ ರಭಸವನ್ನು ತಾಳುವ ಶಕ್ತಿಯಿರಲಿಲ್ಲ ಎಂದೇ ನನ್ನ ತೀರ್ಮಾನ.

‘ರಾ.ಹೆ.’

ಕನ್ನಡದ ಕಡತಗಳಿಗೆ ಮಾತ್ರ ಅಂಟಿದ ತೊಡಕೊಂದಿದೆ. ರಾಷ್ಟ್ರೀಯ ಹೆದ್ದಾರಿಯನ್ನೂ ರಾಜ್ಯ ಹೆದ್ದಾರಿಯನ್ನೂ ಸಂಕ್ಷೇಪಿಸಿದರೆ ಬರುವುದು ಒಂದೇ ‘ರಾ.ಹೆ.’ ರಾಜ್ಯದ ಸರಣಿ ನೂರನ್ನು ದಾಟಿರುವುದರಿಂದ ಎರಡಂಕಿಯ ರಾಷ್ಟ್ರೀಯ ಸಂಖ್ಯೆಗೆ ರಾಜ್ಯದ ಪಟ್ಟಿಯಲ್ಲಿ ಅದೇ ಅಂಕಿಯ ಜೋಡಿ ಇರುವ ಸಂಭವ ಹೆಚ್ಚು. ‘ರಾ.ಹೆ. 50’ ಎಂದು ಬರೆದ ಟಿಪ್ಪಣಿಯನ್ನು ಮೂರು ಬಗೆಯಲ್ಲಿ ಓದಬಹುದು: ರಾಜ್ಯದ 50, ಹಳೆಯ ರಾಷ್ಟ್ರೀಯ 50, ಹೊಸ ರಾಷ್ಟ್ರೀಯ 50. ಸಂದರ್ಭ ಗೊತ್ತಿದ್ದವರಿಗೆ ತೊಂದರೆಯಿಲ್ಲ. ಮೂವತ್ತು ವರ್ಷ ಬಿಟ್ಟು ಓದುವವರಿಗೆ ಸಂದರ್ಭವನ್ನು ಎಲ್ಲಿಂದ ತರುವುದು? ಕೆಲವು ಬರಹಗಾರರು ‘ರಾಷ್ಟ್ರ ಹೆ.’ ಎಂದು ಬಿಡಿಸಿ ಬರೆಯುವುದುಂಟು. ಅದು ಒಳ್ಳೆಯ ಅಭ್ಯಾಸ.

ಊರ ಹೆಸರಿನ ಕಾಗುಣಿತವೂ ಇದಕ್ಕೆ ಸೇರಿಕೊಳ್ಳುತ್ತದೆ. ಶಾಸನಗಳ ಕುಕ್ಕನೂರು, ಆಡುಮಾತಿನ ಕುಕ್ನೂರು, ಸರಕಾರಿ ಫಲಕದ ಕುಕನೂರು ಒಂದೇ ಊರು. ರೋಮನ್ ಲಿಪಿಯ ಪಟ್ಟಿಗಳಲ್ಲಂತೂ ಕೊನೆಯ ಸ್ವರವನ್ನು ಬರೆಯುವ ರೀತಿ ಕಡತದಿಂದ ಕಡತಕ್ಕೆ ಬೇರೆ. ಕೊಪ್ಪಳ ನಿಜಾಮರ ಕಾಲದಲ್ಲಿ ‘ಕೊಪ್ಬಲ್’ ಎಂದಾಗಿತ್ತು. ಸಂಖ್ಯೆಯಿಂದ ಹುಡುಕಿ ಸೋತು ಊರ ಹೆಸರಿಗೆ ಬಂದವರಿಗೂ ದಾರಿ ಸುಗಮವಲ್ಲ.

ಕಲ್ಲುಗಳ ಸಾಕ್ಷ್ಯ

ಕಾಗದ ಕೈಕೊಟ್ಟಾಗ ಕಲ್ಲನ್ನು ನೋಡುವುದು ನಮ್ಮ ಸೀಮೆಯ ವಿದ್ವಾಂಸರ ರೂಢಿ. ಇಟಗಿಯ ಮಹಾದೇವ ದೇವಾಲಯದ ಕಾಲ 1112 ಎಂದು ಖಚಿತವಾಗಿ ಹೇಳಲು ಬರುವುದು ಅಲ್ಲಿನ ಶಾಸನದಿಂದ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿಗೂ ತನ್ನದೇ ಲಿಪಿಯಿದೆ. ತಲೆ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಇನ್ನೂರು ಮೀಟರಿಗೊಂದರಂತೆ 2, 4, 6, 8 ಎಂಬ ಅಂಕಿಯ ಚಿಕ್ಕ ಕಲ್ಲುಗಳು. ಪ್ರತಿ ಐದನೆಯ ಕಿಲೋಮೀಟರಿನ ಕಲ್ಲು ಉಳಿದವಕ್ಕಿಂತ ದೊಡ್ಡದು, ಅದರ ಮೇಲೆ ಹೆಚ್ಚು ಊರುಗಳ ಹೆಸರು. ರಸ್ತೆಗೆ ಬಡ್ತಿ ಸಿಕ್ಕಾಗ ಕಲ್ಲನ್ನು ಕಿತ್ತು ಹೊಸದು ನೆಡುವುದಕ್ಕೆ ಮೊದಲು ಹಸಿರಿನ ಮೇಲೆ ಹಳದಿ ಬಳಿಯುವುದೂ ಉಂಟು. ಬಣ್ಣ ಚಕ್ಕೆಯೆದ್ದ ಕಡೆ ಹಳೆಯ ಹಸಿರು ಇಣುಕಿದರೆ ಅದು ದರ್ಜೆ ಬದಲಾದದ್ದಕ್ಕೆ ನಿಂತ ಸಾಕ್ಷಿ.

ಕಲ್ಲಿನ ಮೇಲಿನ ಅಂಕಿ ದೂರವನ್ನು ಅಳೆಯುವುದು ಹೆದ್ದಾರಿಯ ಆರಂಭದ ತುದಿಯಿಂದ. ಹಳೆಯ 63ರ ಸೊನ್ನೆ ಅಂಕೋಲೆಯದಾಗಿದ್ದಾಗ ಕೊಪ್ಪಳದ ಹತ್ತಿರದ ಕಲ್ಲು ಹುಬ್ಬಳ್ಳಿ, ಗದಗಗಳ ದೂರವನ್ನೂ ಹೊತ್ತಿರುತ್ತಿತ್ತು. ಹೆದ್ದಾರಿಯ ತುದಿ ಬದಲಾದರೆ ಸೊನ್ನೆಯೂ ಸರಿಯುತ್ತದೆ. ಬೈಪಾಸ್ ಬಂದರೆ ದೂರವೇ ಬೇರೆ. ಆದ್ದರಿಂದ ‘ಹೆದ್ದಾರಿ 63, ಇಷ್ಟನೆಯ ಕಿಲೋಮೀಟರ್’ ಎಂಬ ಹಳೆಯ ಪಂಚನಾಮೆಯ ಜಾಗವನ್ನು ಇಂದಿನ ಕಲ್ಲು ಹಿಡಿದು ಹುಡುಕಿದರೆ ಬೇರೊಂದು ತಾಲ್ಲೂಕಿನಲ್ಲಿ ಹೋಗಿ ನಿಲ್ಲುತ್ತೇವೆ. ಸಂಖ್ಯೆಯನ್ನು ಪಟ್ಟಿ ನೋಡಿ ಪರಿವರ್ತಿಸಿಕೊಳ್ಳಬಹುದು. ಕಿಲೋಮೀಟರನ್ನು ಹಾಗೆ ಪರಿವರ್ತಿಸಲು ಬಾರದು. ಆ ಕಾಲದ ರಸ್ತೆ ನಕ್ಷೆಯೇ ಬೇಕು. ಹೊಸಪೇಟೆಯಿಂದ ತುಂಗಭದ್ರೆ ದಾಟಿ ಮುನಿರಾಬಾದಿನ ಕಡೆ ಬರುವಲ್ಲಿ ಕಷ್ಟ ಇಮ್ಮಡಿಯಾಗುತ್ತದೆ. ಅಲ್ಲಿ ಕುಷ್ಟಗಿಯ ಹೆದ್ದಾರಿಯೂ ಕೊಪ್ಪಳದ ಹೆದ್ದಾರಿಯೂ ಒಂದೇ ಡಾಂಬರಿನ ಮೇಲೆ ಕೆಲದೂರ ಸಾಗಿ ಕೊಪ್ಪಳ ತಾಲ್ಲೂಕಿನೊಳಗೆ ಬೇರೆಯಾಗುತ್ತವೆ. ಆ ತುಂಡಿಗೆ ಹಳೆಯ ಎರಡು ಸಂಖ್ಯೆ, ಹೊಸ ಎರಡು ಸಂಖ್ಯೆ, ಹೀಗೆ ನಾಲ್ಕು ಹೆಸರುಗಳು. ನಾಲ್ಕೂ ಒಂದೊಂದು ಕಾಲಕ್ಕೆ ಸರಿ.

ದರ್ಜೆ ಬದಲಾದರೆ ಏನು ಬದಲಾಗುತ್ತದೆ

ಇದು ಗುಮಾಸ್ತರ ಮಟ್ಟದ ಗೊಂದಲ, ಜನಕ್ಕೇನು ಎಂದು ಕೇಳಬಹುದು. ರಾಜ್ಯ ಹೆದ್ದಾರಿ ರಾಷ್ಟ್ರೀಯವಾದಾಗ ಖರ್ಚಿನ ಹೊಣೆ ಕೇಂದ್ರಕ್ಕೆ ಹೋಗುತ್ತದೆ. ಒತ್ತುವರಿ ತೆರವಿಗೆ 2002ರ ರಾಷ್ಟ್ರೀಯ ಹೆದ್ದಾರಿ ಜಮೀನು ಮತ್ತು ಸಂಚಾರ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಅಂಗಡಿ ಎಷ್ಟು ಹಿಂದೆ ಸರಿದು ಕಟ್ಟಬೇಕು, ಪೆಟ್ರೋಲ್ ಬಂಕಿಗೆ ಯಾರ ಒಪ್ಪಿಗೆ ಬೇಕು ಎಂಬುದೆಲ್ಲ ಬದಲಾಗುತ್ತದೆ. ಕುಕನೂರು, ಯಲಬುರ್ಗಾದಂಥ ಊರುಗಳಲ್ಲಿ ಹೆದ್ದಾರಿಯೇ ಪೇಟೆಬೀದಿ. ಈ ಬದಲಾವಣೆ ನೇರವಾಗಿ ಅಂಗಡಿಕಟ್ಟೆಗೆ ಬಂದು ತಾಗುತ್ತದೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ 500 ಮೀಟರಿನೊಳಗೆ ಮದ್ಯದಂಗಡಿ ಕೂಡದೆಂದಿತು. ಮುಂದಿನ ಮಾರ್ಚ್ ಕೊನೆಗೆ ಇಪ್ಪತ್ತು ಸಾವಿರದವರೆಗಿನ ಜನಸಂಖ್ಯೆಯ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ಆಗ ಕೆಲವು ರಾಜ್ಯಗಳು ನಗರದೊಳಗಿನ ಹೆದ್ದಾರಿಗಳನ್ನು ಕೆಳಗಿನ ದರ್ಜೆಗೆ ಇಳಿಸಲು ಓಡಾಡಿದವು. ರಸ್ತೆ ಅಲ್ಲಾಡಲಿಲ್ಲ, ಕಡತದ ಒಂದು ಸಾಲು ಬದಲಾಯಿತು. ದರ್ಜೆಯ ಚರಿತ್ರೆ ತಿಳಿಯದೆ ಆ ಕಾಲದ ಪೇಟೆಯ ಆರ್ಥಿಕತೆಯ ಬಗ್ಗೆ ಬರೆಯುವುದು ಅಪೂರ್ಣ.

ತತ್ತ್ವತಃ ಒಪ್ಪಿಗೆ ಎಂಬ ಇನ್ನೊಂದು ಅವಸ್ಥೆಯಿದೆ. ಕೇಂದ್ರ ರಸ್ತೆಯೊಂದನ್ನು ರಾಷ್ಟ್ರೀಯ ಹೆದ್ದಾರಿ ಮಾಡಲು ತಾತ್ತ್ವಿಕವಾಗಿ ಒಪ್ಪುತ್ತದೆ, ಅಧಿಸೂಚನೆ ತಡವಾಗುತ್ತದೆ. ಈ ನಡುಗಾಲದಲ್ಲಿ ಭಾಷಣಗಳಲ್ಲಿ ಅದು ರಾಷ್ಟ್ರೀಯ ಹೆದ್ದಾರಿ, ಲೆಕ್ಕಪತ್ರದಲ್ಲಿ ರಾಜ್ಯ ಹೆದ್ದಾರಿ. ಹೊಂಡ ಮುಚ್ಚುವ ಹೊಣೆ ಯಾರದೆಂದು ಕೇಳಿದಾಗ ಇಬ್ಬರೂ ಇನ್ನೊಬ್ಬರತ್ತ ಕೈತೋರಿಸಲು ಇದು ಅನುಕೂಲದ ಕಾಲ. ಇಂಥ ನಡುಗಾಲದ ಪತ್ರಿಕಾ ವರದಿಯನ್ನು ದರ್ಜೆ ಬದಲಾದ ತೇದಿಗೆ ಆಧಾರವಾಗಿ ಕೊಡಬಾರದು.

ಈ ವಿಷಯದಲ್ಲಿ ರೈಲ್ವೆ ಇಲಾಖೆಯ ರೂಢಿ ಹೆಚ್ಚು ಗಟ್ಟಿ. ತಳಕಲ್ಲಿನಿಂದ ಕುಕನೂರು, ಯಲಬುರ್ಗಾ ಮೇಲೆ 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂದ ಹಳಿಯನ್ನು ಮಂಜೂರಾತಿಯ ದಿನದಿಂದ ಇಂದಿನವರೆಗೆ ಗದಗ–ವಾಡಿ ಮಾರ್ಗ ಎಂದೇ ಎಲ್ಲ ಕಾಗದಗಳೂ ಕರೆದಿವೆ. ವಾಡಿ ಇನ್ನೂ ದೂರವಿದೆ, ಹೆಸರು ಕದಲಿಲ್ಲ. ಸಂಶೋಧಕ ಯಾವ ವರ್ಷದ ಕಡತ ತೆಗೆದರೂ ತಾನು ಹುಡುಕುತ್ತಿರುವ ಹಳಿ ಇದೇ ಎಂದು ಗೊತ್ತಾಗುತ್ತದೆ.

ಸ್ಥಳೀಯ ಇತಿಹಾಸ ಬರೆಯುವವರು ರಸ್ತೆಯನ್ನು ಎರಡು ತುದಿಯ ಊರುಗಳಿಂದ ಹೆಸರಿಸಿ, ದರ್ಜೆಯನ್ನು ಬಿಡಿಸಿ ಬರೆದು, ಸಂಖ್ಯೆಯ ಪಕ್ಕದಲ್ಲಿ ಅದು ಯಾವ ವರ್ಷದ ಸಂಖ್ಯೆಯೆಂದು ಸೇರಿಸಬೇಕು. ‘ಹುಬ್ಬಳ್ಳಿ–ಕೊಪ್ಪಳ–ಹೊಸಪೇಟೆ ರಾಷ್ಟ್ರೀಯ ಹೆದ್ದಾರಿ, 2010ರವರೆಗೆ 63, ಅನಂತರ 67’ ಎಂದು ಬರೆದರೆ ಸಾಲು ಉದ್ದವಾದೀತು, ಮುಂದಿನವರಿಗೆ ಸಂಶಯ ಉಳಿಯದು. ರಾಷ್ಟ್ರೀಯ ಹೆದ್ದಾರಿಗಳಿಗೆ 2010ರ ಅಧಿಸೂಚನೆಯಲ್ಲಿ ಹಳೆಯ–ಹೊಸ ಸಂಖ್ಯೆಗಳ ಹೊಂದಾಣಿಕೆ ಸಿಗುತ್ತದೆ. ಲೋಕೋಪಯೋಗಿ ಇಲಾಖೆ ರಾಜ್ಯ ಹೆದ್ದಾರಿಗಳಿಗೂ ಅಂಥದೊಂದು ಕೋಷ್ಟಕವನ್ನು, ಪ್ರತಿ ತುಂಡಿನ ಹಿಂದಿನ ದರ್ಜೆ, ಹಿಂದಿನ ಸಂಖ್ಯೆ, ರಾಜ್ಯಪತ್ರದ ತೇದಿ ಸಹಿತ, ತಾಲ್ಲೂಕುವಾರು ಕನ್ನಡದಲ್ಲಿ ಪ್ರಕಟಿಸಬೇಕು. ಹಳೆಯ ಕೈಬರಹದ ರಸ್ತೆ ವಹಿಗಳು ವಿಭಾಗ ಕಚೇರಿಗಳ ಬೀರುಗಳಲ್ಲಿ ಗೆದ್ದಲಿಗೆ ಬೀಳುವ ಮುನ್ನ ಈ ಕೆಲಸ ಆಗಬೇಕು. ಮೂರು ಜಿಲ್ಲೆ, ಎರಡು ವಿಭಾಗಗಳಲ್ಲಿ ಹರಡಿರುವ ಭಾನಾಪುರ–ಗದ್ದನಕೇರಿ ದಾರಿಯಿಂದಲೇ ಅದನ್ನು ಶುರುಮಾಡಬಹುದು.